ಸೆಟ್ ಟಾಪ್ ಬಾಕ್ಸ್ ಜಗಳ: ಗೆದ್ದವರು ಯಾರು?



ರೇಡಿಯೋದವಳು ಟೀವಿಯ ವಿಷಯ ಬರೆಯಲು ಹೊರಟಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ. ಇದಕ್ಕೆ ಕಾರಣ ನೀವೇ. ನಮ್ಮ ಕನ್ನಡ ಕಾರ್ಯಕ್ರಮದ ಫೋನ್ ಸಾಲು ತೆರೆದಾಗಲೆಲ್ಲ ನಾನು ಒಂದು ಸಂಗತಿ ಗಮನಿಸಿದ್ದೇನೆ. ಹಾಡು ಕೇಳಲು ಫೋನ್ ಮಾಡಿದವರು ಹಾಡು ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ವಿದ್ಯುತ್ತಿನ ಸ್ಮಾರ್ಟ್ ಮೀಟರ್, ಮೊಬೈಲ್ ರೀಚಾರ್ಜ್, ಅಂಗಡಿಯಲ್ಲಿ ನಗದೋ ಫೋನಿನಲ್ಲಿ ಪಾವತಿಯೋ, ಇಂಥ ಯಾವುದಾದರೂ ವಿಷಯ ಬಂದರೆ ಸಾಕು, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಲು ಫೋನ್ ಮಾಡುತ್ತಾರೆ. ಅವರಿಗೆ ಮತ್ತೊಬ್ಬರು. ಸಮಯ ಮುಗಿದರೂ ವಾದ ಮುಗಿಯುವುದಿಲ್ಲ. ಕೊನೆಗೆ ಕೇಳಿದರೆ ಯಾರೂ ಸುಳ್ಳು ಹೇಳಿರುವುದಿಲ್ಲ, ಆದರೂ ಯಾರಿಗೂ ಸಮಾಧಾನವಾಗಿರುವುದಿಲ್ಲ.

ಹೀಗೇಕೆ ಆಗುತ್ತದೆ? ಈಗ ನಡೆಯುತ್ತಿರುವ ಜಗಳವನ್ನು ಬಿಡಿಸಿ ನೋಡುವುದು ಕಷ್ಟ. ಎಲ್ಲರೂ ಬಿಸಿಯಾಗಿರುತ್ತಾರೆ. ಆದ್ದರಿಂದ ನಮ್ಮ ಮುಂಬಯಿಯಲ್ಲೇ ನಡೆದ, ನಾವೆಲ್ಲ ಒಂದಲ್ಲ ಒಂದು ಸಲ ಬಾಯಿ ಹಾಕಿದ ಹಳೆಯ ಜಗಳವೊಂದನ್ನು ತೆಗೆದುಕೊಳ್ಳೋಣ. ಅದು ಟೀವಿಯ ಮೇಲೆ ಕೂತ ಪುಟ್ಟ ಪೆಟ್ಟಿಗೆಯ ಜಗಳ, ಸೆಟ್ ಟಾಪ್ ಬಾಕ್ಸ್ ಜಗಳ. 2003ರಲ್ಲಿ ಶುರುವಾದದ್ದು 2019ರವರೆಗೆ ಎಳೆಯಿತು. ಅದರ ಕೊನೆಯ ಅಂಕದಲ್ಲಿ ನಾನೂ ಒಂದು ಪಾತ್ರ ಮಾಡಿದೆ, ಮಾಡಿ ನಮ್ಮಮ್ಮನ ಕೈಲಿ ಸಿಕ್ಕಿಬಿದ್ದೆ. ಆ ಕಥೆ ಕೊನೆಗೆ ಹೇಳುತ್ತೇನೆ.

ಒಂದೇ ತಂತಿ, ಎಲ್ಲ ಚಾನೆಲ್

ಮೊದಲು ಹಳೆಯ ಕೇಬಲ್ ಹೇಗೆ ಕೆಲಸ ಮಾಡುತ್ತಿತ್ತು ಎಂದು ನೆನಪಿಸಿಕೊಳ್ಳಿ. ನಿಮ್ಮ ಗಲ್ಲಿಯ ಕೇಬಲ್‌ವಾಲಾನ ತಾರಸಿಯ ಮೇಲೆ ದೊಡ್ಡ ದೊಡ್ಡ ಡಿಶ್‌ಗಳಿದ್ದವು, ಅಥವಾ ದೊಡ್ಡ ಕಂಪನಿಯೊಂದರಿಂದ ಅವನಿಗೆ ತಂತಿ ಬರುತ್ತಿತ್ತು. ಅಲ್ಲಿಂದ ಒಂದು ಕರಿಯ ತಂತಿ ಕಟ್ಟಡದಿಂದ ಕಟ್ಟಡಕ್ಕೆ, ಮರದಿಂದ ಮರಕ್ಕೆ ಹಾರುತ್ತ ನಿಮ್ಮ ಕಿಟಕಿಯಿಂದ ಒಳಗೆ ಬರುತ್ತಿತ್ತು. ಎಲ್ಲ ಚಾನೆಲ್‌ಗಳೂ ಆ ಒಂದೇ ತಂತಿಯಲ್ಲಿ ಒಟ್ಟಿಗೆ ಬರುತ್ತಿದ್ದವು. ಯಾವುದನ್ನು ನೋಡಬೇಕು ಎಂದು ಆರಿಸುತ್ತಿದ್ದದ್ದು ನಿಮ್ಮ ಟೀವಿ. ಬೀಗ ಇಲ್ಲ, ಕೀಲಿ ಇಲ್ಲ. ನಿಮಗೆ ಬೇಕಾದದ್ದೂ ಬರುತ್ತಿತ್ತು, ಬೇಡದ್ದೂ ಬರುತ್ತಿತ್ತು, ತಿಂಗಳಿಗೊಮ್ಮೆ ಹುಡುಗ ಬಂದು ಒಂದೇ ದರ ವಸೂಲಿ ಮಾಡುತ್ತಿದ್ದ. ರಸೀದಿ ಕೇಳಿದರೆ ನಗುತ್ತಿದ್ದ.

ಈ ವ್ಯವಸ್ಥೆಯಲ್ಲಿ ಎರಡು ತೊಡಕುಗಳಿದ್ದವು. ಮೊದಲನೆಯದು ಜಾಗದ್ದು. ಅನಲಾಗ್ ತಂತಿಯಲ್ಲಿ ಪ್ರತಿ ಚಾನೆಲ್‌ಗೂ 7 ಅಥವಾ 8 ಮೆಗಾಹರ್ಟ್ಸ್ ಅಗಲದ ಜಾಗ ಬೇಕು. ಎಷ್ಟು ಒತ್ತಿದರೂ ನೂರರ ಆಸುಪಾಸಿಗೆ ತಂತಿ ತುಂಬಿಹೋಗುತ್ತದೆ. ನಮ್ಮ ಲೋಕಲ್ ಟ್ರೇನಿನ ಡಬ್ಬಿಯ ಹಾಗೆ, ಹೊಸಬರು ಹತ್ತಬೇಕಾದರೆ ಒಳಗಿನವರು ಯಾರಾದರೂ ಇಳಿಯಬೇಕು. ಆಗ ಯಾರಿಗೆ ಜಾಗ? ಹಿಂದಿಗೆ, ಮರಾಠಿಗೆ, ಗುಜರಾತಿಗೆ, ಇಂಗ್ಲಿಷಿಗೆ, ಕ್ರಿಕೆಟ್‌ಗೆ. ಕನ್ನಡಕ್ಕೆ? ಅದು ಕೇಬಲ್‌ವಾಲಾನ ಮರ್ಜಿ. ಕನ್ನಡ ಕುಟುಂಬಗಳು ಗುಂಪಾಗಿ ಇರುವ ಕಡೆ ಹತ್ತು ಜನ ಸೇರಿ ಹೋಗಿ ಕೇಳಿದರೆ ಒಂದು ಚಾನೆಲ್ ಹಾಕುತ್ತಿದ್ದ. ಉದಯ ಟೀವಿ 1994ರಲ್ಲೇ ಶುರುವಾಗಿತ್ತು, ಈಟೀವಿ ಕನ್ನಡ 2000ದ ಕೊನೆಗೆ ಬಂತು. ಆದರೆ ಚಾನೆಲ್ ಆಕಾಶದಲ್ಲಿ ಇರುವುದು ಬೇರೆ, ನಿಮ್ಮ ಮನೆಯ ತಂತಿಯಲ್ಲಿ ಇರುವುದು ಬೇರೆ. ಅದರ ಮೇಲೆ, ತಂತಿಯಲ್ಲಿ ಒಳ್ಳೆಯ ಜಾಗ ಬೇಕಾದ ಚಾನೆಲ್‌ಗಳಿಂದ ಕೇಬಲ್ ಕಂಪನಿಗಳು ಹಣವನ್ನೂ ಪಡೆಯುತ್ತಿದ್ದವು. ಮುಂಬಯಿಯ ಕನ್ನಡಿಗರಿಗಾಗಿ ಅಷ್ಟು ದುಡ್ಡು ಸುರಿಯುವವರು ಯಾರು?

ಎರಡನೆಯದು ಲೆಕ್ಕದ ತೊಡಕು. ಬೀಗವಿಲ್ಲದ ತಂತಿಯಲ್ಲಿ ಎಷ್ಟು ಮನೆಗಳಿವೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಚಾನೆಲ್‌ನವರಿಗೆ ಮನೆಗಳ ಲೆಕ್ಕದಲ್ಲಿ ಹಣ ಬರಬೇಕು. ಕೇಬಲ್‌ವಾಲಾ ಇರುವ ಮನೆಗಳಿಗಿಂತ ಕಡಿಮೆ ಹೇಳುತ್ತಾನೆ ಎಂದು ಅವರ ದೂರು. ಚಾನೆಲ್‌ನವರು ಮನಬಂದಂತೆ ದರ ಏರಿಸುತ್ತಾರೆ ಎಂದು ಇವನ ದೂರು. ಇವರಿಬ್ಬರ ಜಗಳದಲ್ಲಿ ದರ ಏರುತ್ತಿದ್ದದ್ದು ನಮ್ಮ ಮನೆಯದು. ಹಣಕಾಸಿನ ತಕರಾರು ಬಂದಾಗ, ಪಂದ್ಯದ ನಡುವೆ ಚಾನೆಲ್ ಮಾಯವಾಗುತ್ತಿದ್ದದ್ದೂ ನಮ್ಮ ಮನೆಯಲ್ಲೇ.

ಡಬ್ಬಿಯೊಳಗಿನ ವಾದ

ಇದಕ್ಕೆ ಮದ್ದು ಎಂದು ಬಂದದ್ದು 2002ರ ಕೇಬಲ್ ಟೀವಿ ತಿದ್ದುಪಡಿ ಕಾಯ್ದೆ. ಯೋಜನೆಯ ಹೆಸರು ಕಂಡಿಷನಲ್ ಆಕ್ಸೆಸ್ ಸಿಸ್ಟಮ್, ಬಾಯಿಮಾತಿನಲ್ಲಿ 'ಕ್ಯಾಸ್'. ಉಚಿತ ಚಾನೆಲ್‌ಗಳು ಮೊದಲಿನಂತೆ ನೇರವಾಗಿ ಬರುತ್ತವೆ, ಹಣ ಕೊಡಬೇಕಾದ 'ಪೇ ಚಾನೆಲ್'ಗಳು ಬೀಗ ಹಾಕಿಕೊಂಡು ಬರುತ್ತವೆ. ಬೀಗ ತೆಗೆಯಲು ಪೆಟ್ಟಿಗೆ ಬೇಕು. ಪ್ರತಿ ಪೆಟ್ಟಿಗೆಗೂ ಒಂದು ನಂಬರು, ಆ ನಂಬರಿನ ಮನೆಗೆ ಯಾವ ಯಾವ ಚಾನೆಲ್ ಎಂದು ಕಂಪನಿಯ ಕಂಪ್ಯೂಟರ್‌ನಲ್ಲಿ ದಾಖಲೆ. ನಿಮ್ಮ ಪಟ್ಟಿಯಲ್ಲಿ ಇರುವುದಕ್ಕೆ ಮಾತ್ರ ಬೀಗ ತೆರೆಯುತ್ತದೆ. ರೇಷನ್ ಕಾರ್ಡಿನ ಹಾಗೆ ಅಂದುಕೊಳ್ಳಿ.

ಮುಂಬಯಿ, ದಿಲ್ಲಿ, ಕೋಲ್ಕತಾ, ಚೆನ್ನೈ ಈ ನಾಲ್ಕು ಮಹಾನಗರಗಳಲ್ಲಿ 2003ರ ಜುಲೈ 15ರಿಂದ ಇದು ಜಾರಿಗೆ ಬರಬೇಕಿತ್ತು. ಆಗ ನಾನು ಶಾಲೆಯಲ್ಲಿದ್ದೆ. ನಮ್ಮ ಮನೆ ಮುಲುಂಡ್‌ನಲ್ಲಿ. ಅಪ್ಪ ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ಫೋರ್ಟ್‌ಗೆ ಹೋಗುತ್ತಿದ್ದರು. ಅವರ ಡಬ್ಬಿಯಲ್ಲಿ ದಿನವೂ ಜೊತೆಯಾಗುವ ಒಂದು ಗುಂಪು. ಆ ದಿನಗಳಲ್ಲಿ ಅಲ್ಲಿ ಕ್ಯಾಸ್ ಬಿಟ್ಟರೆ ಬೇರೆ ಮಾತಿರಲಿಲ್ಲವಂತೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಆ ವಾದವನ್ನು ಅಮ್ಮನಿಗೆ ವರದಿ ಮಾಡುತ್ತಿದ್ದರು. ಅದರಲ್ಲಿ ಮೂರು ಜನರ ಮಾತು ನನಗೆ ಈಗಲೂ ನೆನಪಿದೆ.

ಒಬ್ಬರು ಎಲೆಕ್ಟ್ರಾನಿಕ್ಸ್ ಬಲ್ಲವರು. "ಚಿತ್ರ ಕನ್ನಡಿಯ ಹಾಗೆ ಬರುತ್ತದೆ, ಹೊರದೇಶದಲ್ಲೆಲ್ಲ ಇದೇ ಇರುವುದು" ಎನ್ನುತ್ತಿದ್ದರು. ಇನ್ನೊಬ್ಬರು ಯೂನಿಯನ್‌ನವರು. "ಇದೆಲ್ಲ ಕಂಪನಿಗಳ ಆಟ, ಪೆಟ್ಟಿಗೆ ಮಾರುವವರಿಗೆ ಲಾಭ ಮಾಡಿಕೊಡಲು ಕಾಯ್ದೆ ತಂದಿದ್ದಾರೆ" ಎನ್ನುತ್ತಿದ್ದರು. ಮೂರನೆಯವರು ಬ್ಯಾಂಕಿನ ಕ್ಯಾಷಿಯರ್. "ನಮ್ಮ ಮನೆಯಲ್ಲಿ ನೋಡುವುದೇ ಮೂರು ಚಾನೆಲ್, ಅದಕ್ಕೆ ಕೆಲವು ಸಾವಿರ ಕೊಟ್ಟು ಪೆಟ್ಟಿಗೆ ಯಾಕೆ ತರಲಿ?" ಎನ್ನುತ್ತಿದ್ದರು.

ಈ ಮೂವರು ತಿಂಗಳುಗಟ್ಟಲೆ ವಾದಿಸಿದರು. ಯಾರೂ ಸೋಲಲಿಲ್ಲ. ಸೋಲುವುದಾದರೂ ಹೇಗೆ? ಮೊದಲನೆಯವರು ಹೇಳುತ್ತಿದ್ದದ್ದು ಯಂತ್ರದ ವಿಷಯ. ಎರಡನೆಯವರದು ಅಧಿಕಾರದ ವಿಷಯ. ಮೂರನೆಯವರದು ಮನೆಯ ಖರ್ಚಿನ ವಿಷಯ. ಮೂರು ಬೇರೆ ಬೇರೆ ಪ್ರಶ್ನೆಗಳು, ಮೂರಕ್ಕೂ ಉತ್ತರ ಬೇರೆ. ಯಂತ್ರ ಚೆನ್ನಾಗಿದೆ ಎಂದು ಸಾಬೀತು ಮಾಡಿದ ಮಾತ್ರಕ್ಕೆ ಕಾಯ್ದೆ ನ್ಯಾಯವಾಗಿದೆ ಎಂದಾಗುವುದಿಲ್ಲ. ಕಂಪನಿಗೆ ಲಾಭವಿದೆ ಎಂದ ಮಾತ್ರಕ್ಕೆ ನಮಗೆ ನಷ್ಟ ಎಂದೂ ಆಗುವುದಿಲ್ಲ.

ಜುಲೈ 15 ಹೋಗಿ ಸೆಪ್ಟೆಂಬರ್ 1 ಆಯಿತು. ಅಂದು ಚೆನ್ನೈಯಲ್ಲಿ ಮಾತ್ರ ಕ್ಯಾಸ್ ಶುರುವಾಯಿತು. ಅಲ್ಲಿ ಬಹಳಷ್ಟು ಮನೆಯವರು ಪೆಟ್ಟಿಗೆಯನ್ನೇ ತರಲಿಲ್ಲ, ಉಚಿತವಾಗಿ ಬರುವುದರಲ್ಲೇ ತೃಪ್ತಿಪಟ್ಟರು. ದಿಲ್ಲಿಯಲ್ಲಿ ಆ ವರ್ಷದ ಕೊನೆಗೆ ವಿಧಾನಸಭಾ ಚುನಾವಣೆ ಇತ್ತು. ಜನರ ಮನೆಯ ಟೀವಿ ಕತ್ತಲಾದರೆ ಮತ ಯಾವ ಕಡೆ ಹೋಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. 2004ರ ಜನವರಿಯಲ್ಲಿ ಪ್ರಸಾರ ಕ್ಷೇತ್ರವನ್ನು ಟೆಲಿಕಾಂ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ಟ್ರಾಯ್‌ಗೆ, ಒಪ್ಪಿಸಲಾಯಿತು. 2003ರ ಡಿಸೆಂಬರ್ 26ರಂದು ಇದ್ದ ದರಕ್ಕಿಂತ ಹೆಚ್ಚು ಕೇಳಬಾರದೆಂದು ಟ್ರಾಯ್ ಆದೇಶ ಹೊರಡಿಸಿತು. ಫೆಬ್ರವರಿಯಲ್ಲಿ ಸರ್ಕಾರ ಕ್ಯಾಸ್ ಯೋಜನೆಯನ್ನೇ ತಡೆಹಿಡಿಯಿತು. ಡಬ್ಬಿಯಲ್ಲಿ ಮೂವರೂ ತಾವೇ ಗೆದ್ದೆವೆಂದು ಹೇಳಿಕೊಂಡರಂತೆ.

ಗಿರ್‌ಗಾಂವ್‌ನ ಮಾವನ ಪೆಟ್ಟಿಗೆ

2006ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಯೋಜನೆಯನ್ನು ಜಾರಿಗೆ ತರುವಂತೆ ಆದೇಶಿಸಿತು. ಕೊನೆಗೂ 2006ರ ಡಿಸೆಂಬರ್ 31ರಂದು ಮುಂಬಯಿ, ದಿಲ್ಲಿ, ಕೋಲ್ಕತಾಗಳ ಗೊತ್ತುಪಡಿಸಿದ ಭಾಗಗಳಲ್ಲಿ ಕ್ಯಾಸ್ ಬಂತು. ಮುಲುಂಡ್ ಆ ಗಡಿಯ ಹೊರಗೆ, ನಮ್ಮ ಮಾವನ ಗಿರ್‌ಗಾಂವ್ ಒಳಗೆ. ಒಂದೇ ಊರು, ಒಂದೇ ರೈಲು, ಎರಡು ಬಗೆಯ ಟೀವಿ.

ಈ ಸಲ ವ್ಯತ್ಯಾಸವೊಂದಿತ್ತು. ಟ್ರಾಯ್ ದರ ಗೊತ್ತುಮಾಡಿತ್ತು. ಕನಿಷ್ಠ 30 ಉಚಿತ ಚಾನೆಲ್‌ಗಳಿಗೆ ತಿಂಗಳಿಗೆ 77 ರೂಪಾಯಿ ಮತ್ತು ತೆರಿಗೆ. ಪ್ರತಿ ಪೇ ಚಾನೆಲ್‌ಗೆ ಹೆಚ್ಚೆಂದರೆ 5 ರೂಪಾಯಿ. ಪೆಟ್ಟಿಗೆ ಕೊಳ್ಳಲೇಬೇಕೆಂದಿಲ್ಲ, 999 ರೂಪಾಯಿ ಠೇವಣಿ ಇಟ್ಟು ತಿಂಗಳಿಗೆ 30ಕ್ಕೆ ಬಾಡಿಗೆಗೂ ಪಡೆಯಬಹುದು. ಮಾವ ಕಾಗದ ಪೆನ್ನು ಹಿಡಿದು ಕೂತರು. ಕ್ರಿಕೆಟ್‌ಗೆ ಒಂದು, ಅತ್ತೆಯ ಹಿಂದಿ ಧಾರಾವಾಹಿಗೆ ಒಂದು, ಊರಿನ ಸುದ್ದಿಗೆ ಒಂದು ಕನ್ನಡ. ಮೂರಕ್ಕೆ 15, ಜೊತೆಗೆ 77, ಬಾಡಿಗೆ 30, ಒಟ್ಟು 122. ಅದಕ್ಕೆ ತೆರಿಗೆ. "ಕನ್ನಡಕ್ಕೆ ಐದೇ ರೂಪಾಯಿ" ಎಂದು ಮಾವ ನಕ್ಕರು. ಆಗ ಒಂದು ವಡಾ ಪಾವ್‌ನ ಬೆಲೆಯೂ ಹೆಚ್ಚು ಕಡಿಮೆ ಅಷ್ಟೇ ಇತ್ತು.

2007ರ ಮಾರ್ಚ್‌ನಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್. ಮಾವ ಕ್ರಿಕೆಟ್‌ಗಾಗಿಯೇ ಅವಸರದಿಂದ ಪೆಟ್ಟಿಗೆ ತಂದಿದ್ದರು. ಭಾರತ ಬಾಂಗ್ಲಾದೇಶಕ್ಕೆ ಸೋತು, ಶ್ರೀಲಂಕಾಕ್ಕೆ ಸೋತು, ಮೊದಲ ಸುತ್ತಿನಲ್ಲೇ ಮನೆಗೆ ಬಂತು. ಮಾವನ ಪೆಟ್ಟಿಗೆ ಮಾತ್ರ ಉಳಿಯಿತು. ಅದರಲ್ಲಿ ಕನ್ನಡವೂ ಉಳಿಯಿತು.

ಇಲ್ಲಿ ಗಮನಿಸಿ. ಯಂತ್ರ 2003ರದ್ದೇ. ಬದಲಾದದ್ದು ಯಂತ್ರವಲ್ಲ, ದರದ ನಿಯಮ. 2003ರಲ್ಲಿ "ಬೇಡ" ಎಂದ ಕ್ಯಾಷಿಯರ್ ಗಿರ್‌ಗಾಂವ್‌ನಲ್ಲಿ ಇದ್ದಿದ್ದರೆ 2007ರಲ್ಲಿ "ಆಗಲಿ" ಎನ್ನುತ್ತಿದ್ದರೇನೋ. ಹಾಗೆಂದರೆ ಅವರು ಮಾತು ಬದಲಿಸಿದರು ಎಂದಲ್ಲ, ಅವರ ಪ್ರಶ್ನೆಗೆ ಉತ್ತರ ಬದಲಾಯಿತು ಎಂದು.

ಕಿಟಕಿಯ ದಿಕ್ಕು

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು, ಡಿಟಿಎಚ್. 2003ರಲ್ಲಿ ಡಿಶ್ ಟೀವಿ, 2004ರ ಕೊನೆಗೆ ದೂರದರ್ಶನದ ತಿಂಗಳ ಚಂದಾ ಇಲ್ಲದ ಸೇವೆ, 2006ರಲ್ಲಿ ಟಾಟಾ ಸ್ಕೈ. ಉಪಗ್ರಹದ ಸಿಗ್ನಲ್ ಇಡೀ ದೇಶಕ್ಕೆ ಒಂದೇ. ಮುಂಬಯಿಯಲ್ಲಿ ಕೂತವರೂ ಬೆಂಗಳೂರಿನವರ ಪಟ್ಟಿಯಿಂದಲೇ ಕನ್ನಡ ಚಾನೆಲ್ ಆರಿಸಬಹುದು. ಗಲ್ಲಿಯ ಕೇಬಲ್‌ವಾಲಾನ ಮರ್ಜಿ ಬೇಕಿಲ್ಲ. ನಮ್ಮಂಥ ಹೊರನಾಡಿನವರಿಗೆ ಇದು ದೊಡ್ಡ ವರ.

ಆದರೆ ಮುಂಬಯಿಯ ಮನೆಗಳು ಗೊತ್ತಲ್ಲ. ಟೀವಿಯ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ನಿಂತಿರುತ್ತವೆ, ಆದ್ದರಿಂದ ನಮ್ಮ ಊರಿನಲ್ಲಿ ಡಿಶ್ ದಕ್ಷಿಣದ ಕಡೆಗೇ ಮುಖ ಮಾಡಬೇಕು. ಉತ್ತರಕ್ಕೆ ಮಾತ್ರ ಕಿಟಕಿ ಇದ್ದವರ ಗತಿ? ತಾರಸಿಯ ಮೇಲೆ ಇಡಬೇಕು, ಅದಕ್ಕೆ ಸೊಸೈಟಿ ಒಪ್ಪಬೇಕು. ಎದುರಿಗೆ ಇಪ್ಪತ್ತು ಮಾಳಿಗೆಯ ಹೊಸ ಟವರ್ ಎದ್ದರೆ ಅದೂ ಹೋಯಿತು. ಹೀಗೆ, ಯಂತ್ರ ಎಷ್ಟೇ ಚೆನ್ನಾಗಿರಲಿ, ನಮ್ಮ ಮನೆಗೆ ಅದು ಹೊಂದುತ್ತದೆಯೇ ಎಂಬುದು ಬೇರೆಯೇ ಮಾತು.

ಕೊನೆಗೆ ಅನಲಾಗ್‌ಗೆ ಪೂರ್ತಿ ವಿದಾಯ ಹೇಳುವ ಕಾಯ್ದೆ 2011ರ ಕೊನೆಗೆ ಬಂತು. ನಾಲ್ಕು ಮಹಾನಗರಗಳಿಗೆ ಮೊದಲ ಗಡುವು 2012ರ ಜೂನ್ 30, ಅದು ಮುಂದೆ ಹೋಗಿ ಅಕ್ಟೋಬರ್ 31. ಈ ಸಲ ಉಚಿತ ಚಾನೆಲ್‌ಗೂ ಪೆಟ್ಟಿಗೆ ಬೇಕು. ಪೆಟ್ಟಿಗೆ ಇಲ್ಲದ ಮನೆಯ ಪರದೆ ಆ ಮಧ್ಯರಾತ್ರಿಯಿಂದ ಖಾಲಿ. ಮುಲುಂಡ್‌ಗೂ ಪೆಟ್ಟಿಗೆ ಬಂತು. ತಂತಿಯ ಜಾಗದ ಸಮಸ್ಯೆ ಅಲ್ಲಿಗೆ ಮುಗಿಯಿತು. ಒಂದು ಅನಲಾಗ್ ಚಾನೆಲ್ ಕೂರುತ್ತಿದ್ದ ಕಡೆ ಈಗ ಹತ್ತಾರು ಡಿಜಿಟಲ್ ಚಾನೆಲ್‌ಗಳು. ಅದುವರೆಗೆ ಒಂದೇ ಕನ್ನಡ ಚಾನೆಲ್ ಕಂಡಿದ್ದ ನಮ್ಮ ಮನೆಗೆ ಒಮ್ಮೆಲೇ ನಾಲ್ಕೈದು ಬಂದವು. ಅಮ್ಮನಿಗೆ ಸಂಜೆಯ ಧಾರಾವಾಹಿ, ಅಪ್ಪನಿಗೆ ಚಂದನದ 'ಥಟ್ ಅಂತ ಹೇಳಿ'. ಡಬ್ಬಿಯ ಎಲೆಕ್ಟ್ರಾನಿಕ್ಸ್‌ನವರು ಹೇಳಿದ್ದು ನಿಜವಾಯಿತು.

ಆದರೆ ಆರಿಸುವ ಹಕ್ಕು? ಗ್ರಾಹಕರಿಂದ ಚಾನೆಲ್ ಆಯ್ಕೆಯ ಅರ್ಜಿ ತುಂಬಿಸಿಕೊಳ್ಳಿ ಎಂದು ಟ್ರಾಯ್ 2013ರ ಉದ್ದಕ್ಕೂ ಕೇಬಲ್ ಕಂಪನಿಗಳ ಬೆನ್ನು ಹತ್ತಬೇಕಾಯಿತು. ಪೆಟ್ಟಿಗೆ ಮನೆಗೆ ಬಂದಷ್ಟು ಬೇಗ ಅರ್ಜಿ ಬರಲಿಲ್ಲ. ನಾವೂ ಕೇಳಲಿಲ್ಲ. ಎಲ್ಲ ಬರುತ್ತಿದೆಯಲ್ಲ, ಇನ್ನೇನು ಬೇಕು ಎಂದು ಸುಮ್ಮನಿದ್ದೆವು.

ನಾನು ಗೆದ್ದ ವಾದ

ಈಗ ನನ್ನ ಪಾತ್ರ. 2017ರ ಮಾರ್ಚ್‌ನಲ್ಲಿ ಟ್ರಾಯ್ ಹೊಸ ದರ ಆದೇಶ ಹೊರಡಿಸಿತು. ಕೋರ್ಟುಗಳನ್ನು ಸುತ್ತಿ, 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ, 2019ರ ಫೆಬ್ರವರಿ 1ರಿಂದ ಅದು ಮನೆಮನೆಗೆ ಬಂತು. ಮೊದಲ 100 ಚಾನೆಲ್‌ಗಳಿಗೆ ಜಾಲದ ಶುಲ್ಕ ಗರಿಷ್ಠ 130 ರೂಪಾಯಿ, 18 ಶೇಕಡಾ ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಪ್ರತಿ ಪೇ ಚಾನೆಲ್‌ಗೂ ಅದರದೇ ದರ. ಗುಚ್ಛದಲ್ಲಿ ಸೇರಿಸಬೇಕಾದ ಚಾನೆಲ್‌ನ ದರ 19 ರೂಪಾಯಿ ಮೀರುವಂತಿಲ್ಲ.

ನಮ್ಮ ಸೊಸೈಟಿಯಲ್ಲಿ ಇದರ ಬಗ್ಗೆ ಸಭೆಯೇ ನಡೆಯಿತು. ಹಿರಿಯರೊಬ್ಬರು "ಮೊದಲೇ ಚೆನ್ನಾಗಿತ್ತು, ಮೂರು ನೂರಕ್ಕೆ ಎಲ್ಲ ಬರುತ್ತಿತ್ತು" ಎಂದರು. ನಾನು ಎದ್ದು ನಿಂತೆ. ಮೈಕಿನ ಮುಂದೆ ಕೂತು ಅಭ್ಯಾಸವಾದವಳು, ಬಿಡುತ್ತೇನೆಯೇ? ಯಾರಿಗೆ ಏನು ಬೇಕೋ ಅದನ್ನೇ ಆರಿಸಿ ಅಷ್ಟಕ್ಕೇ ಹಣ ಕೊಡುವುದು ನ್ಯಾಯ ಎಂದೆ. ಮೂರು ಕನ್ನಡ ಚಾನೆಲ್‌ಗೆ ಗರಿಷ್ಠ 19ರಂತೆ ಹಿಡಿದರೂ 57, ಜೊತೆಗೆ 130, ತೆರಿಗೆ ಸೇರಿ 220 ರೂಪಾಯಿ 66 ಪೈಸೆ, ಮೂರು ನೂರಕ್ಕಿಂತ ಕಡಿಮೆಯೇ ಅಲ್ಲವೇ ಎಂದು ಲೆಕ್ಕ ಹಾಕಿ ತೋರಿಸಿದೆ. ಚಪ್ಪಾಳೆಯೂ ಬಿತ್ತು. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಅಮ್ಮ ಕತ್ತಲ ಪರದೆಯ ಮುಂದೆ ರಿಮೋಟ್ ಹಿಡಿದು ಕೂತಿದ್ದರು. ಅವರ ಧಾರಾವಾಹಿಯ ಚಾನೆಲ್ ನಂಬರು ಒತ್ತಿದರೆ, ಇದು ನಿಮ್ಮ ಪ್ಯಾಕ್‌ನಲ್ಲಿಲ್ಲ ಎಂಬ ಒಂದು ಸಾಲು. ಪಕ್ಕದ ನಂಬರಿನಲ್ಲಿ ನಾವು ಎಂದೂ ನೋಡದ ಹಿಂದಿ ಸಿನಿಮಾ ಚಾನೆಲ್‌ಗಳು ಸಾಲಾಗಿ ಬರುತ್ತಿದ್ದವು. ಅಮ್ಮ ನನ್ನನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ:

"ಮೀಟಿಂಗ್‌ನಲ್ಲಿ ಅಷ್ಟೆಲ್ಲ ಮಾತಾಡಿದ್ದಿಯಲ್ಲ ಮಾರಾಯ್ತಿ, ನಮ್ಮ ಫಾರ್ಮ್ ತುಂಬಿ ಕೊಟ್ಟಿದ್ದಿಯಾ?"

ತುಂಬಿರಲಿಲ್ಲ. ಫಾರ್ಮ್ ಫ್ರಿಜ್ಜಿನ ಮೇಲೆ, ಹಾಲಿನವನ ಲೆಕ್ಕದ ಪುಸ್ತಕದ ಕೆಳಗೆ ಇತ್ತು.

ಆದದ್ದು ಇಷ್ಟು. ಬಹಳ ಜನ ಆಯ್ಕೆ ತಿಳಿಸದೆ ಇದ್ದದ್ದರಿಂದ ಫೆಬ್ರವರಿ 12ರಂದು ಟ್ರಾಯ್ ಒಂದು ಸೂಚನೆ ಹೊರಡಿಸಿತ್ತು. ಆಯ್ಕೆ ಮಾಡದವರಿಗೆ ಕಂಪನಿಗಳೇ 'ಬೆಸ್ಟ್ ಫಿಟ್ ಪ್ಲಾನ್', ಅಂದರೆ ಅವರಿಗೆ ಹೆಚ್ಚು ಹೊಂದುವ ಪ್ಯಾಕ್, ಹಾಕಿಕೊಡಬೇಕು. ಗ್ರಾಹಕರು ನೋಡುವ ರೀತಿ, ಅವರ ಭಾಷೆ, ಚಾನೆಲ್‌ಗಳ ಜನಪ್ರಿಯತೆ ನೋಡಿ ಅದನ್ನು ಮಾಡಬೇಕು. ಮಾರ್ಚ್ 31ರವರೆಗೆ ಬದಲಿಸಿಕೊಳ್ಳಲು ಅವಕಾಶವಿತ್ತು. ಸೂಚನೆ ಒಳ್ಳೆಯದೇ. ಆದರೆ ಮುಲುಂಡ್‌ನ ಒಂದು ಫ್ಲ್ಯಾಟ್‌ನೊಳಗೆ ಯಾವ ಭಾಷೆ ಮಾತಾಡುತ್ತಾರೆ ಎಂದು ನಮ್ಮ ಕೇಬಲ್‌ನವರಿಗೆ ಹೇಗೆ ಗೊತ್ತಾಗಬೇಕು? ನಾವು ಹೇಳದಿದ್ದರೆ ಅವರು ಇಲಾಖೆಯ ಭಾಷೆಯನ್ನೇ ನಮ್ಮ ಭಾಷೆ ಅಂದುಕೊಳ್ಳುತ್ತಾರೆ. ಮರಾಠಿ, ಹಿಂದಿಯವರಿಗೆ ಹೊಂದಿದ ಪ್ಯಾಕ್ ನಮಗೂ ಬಂತು. ಉಳಿದದ್ದು ಚಂದನ ಒಂದೇ. ಎಲ್ಲ ಜಾಲಗಳೂ ಕಡ್ಡಾಯವಾಗಿ ಕೊಡಬೇಕಾದ ದೂರದರ್ಶನದ ಚಾನೆಲ್‌ಗಳ ಪಟ್ಟಿಯಲ್ಲಿ ಅದಿತ್ತು. ಅಪ್ಪನ 'ಥಟ್ ಅಂತ ಹೇಳಿ' ಉಳಿಸಿದ್ದು ನನ್ನ ಭಾಷಣವಲ್ಲ, ಆ ನಿಯಮ. ಯೂನಿಯನ್‌ನವರು ನಿಯಮದ ಬಗ್ಗೆಯೇ ಅಷ್ಟು ತಲೆ ಕೆಡಿಸಿಕೊಂಡದ್ದು ಏಕೆ ಎಂದು ನನಗೆ ಅಂದು ಅರ್ಥವಾಯಿತು.

ಮರುದಿನ ಫಾರ್ಮ್ ತುಂಬಿದೆ. ಎರಡು ಸಲ ಫೋನ್ ಮಾಡಿದ ಮೇಲೆ ಅಮ್ಮನ ಚಾನೆಲ್ ಬಂತು. ಅಷ್ಟರಲ್ಲಿ ಧಾರಾವಾಹಿಯ ಎಂಟು ಕಂತು ತಪ್ಪಿಹೋಗಿತ್ತು. ಅದನ್ನು ಅಮ್ಮ ಈಗಲೂ ಎಣಿಸಿ ಹೇಳುತ್ತಾರೆ.

ಹಿರಿಯರ ಮಾತಿನಲ್ಲೂ ಹುರುಳಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಬಿಡಿ ಚಾನೆಲ್‌ಗೆ 19 ರೂಪಾಯಿ ಇಟ್ಟು, ಗುಚ್ಛಕ್ಕೆ ದೊಡ್ಡ ರಿಯಾಯಿತಿ ಕೊಟ್ಟರೆ ಯಾರು ತಾನೆ ಬಿಡಿಯಾಗಿ ಕೊಳ್ಳುತ್ತಾರೆ? ಹಿಂದಿ, ಮರಾಠಿ, ಕನ್ನಡ, ಕ್ರಿಕೆಟ್ ನಾಲ್ಕೂ ಬೇಕಾದ ಮನೆಯ ಬಿಲ್ಲು ಏರಿತು. ನಮ್ಮಂಥ ಎರಡು ಮೂರು ಭಾಷೆಯ ಮನೆಗಳಿಗೆ ಪೆಟ್ಟು ಹೆಚ್ಚು. 2020ರಲ್ಲಿ ಟ್ರಾಯ್ ಮತ್ತೆ ನಿಯಮ ತಿದ್ದಿ 130 ರೂಪಾಯಿಗೆ 200 ಚಾನೆಲ್ ಎಂದಿತು. ಆ ತಿದ್ದುಪಡಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. 2022ರ ನವೆಂಬರ್‌ನಲ್ಲಿ ಗುಚ್ಛದ ರಿಯಾಯಿತಿಗೆ 45 ಶೇಕಡಾ ಮಿತಿ ಬಂತು. 2023ರ ಫೆಬ್ರವರಿಯಲ್ಲಿ ದರದ ತಕರಾರಿನಿಂದ ಕೆಲವು ದೊಡ್ಡ ಚಾನೆಲ್ ಕಂಪನಿಗಳು ಕೆಲವು ಕೇಬಲ್ ಜಾಲಗಳಿಗೆ ಸಿಗ್ನಲ್ ಕೊಡುವುದನ್ನು ಒಂದಷ್ಟು ದಿನ ನಿಲ್ಲಿಸಿದವು. 2024ರ ಜುಲೈಯಲ್ಲಿ ಜಾಲದ ಶುಲ್ಕದ ಮಿತಿಯನ್ನೇ ಟ್ರಾಯ್ ತೆಗೆದುಹಾಕಿತು. ಹಾಗಾಗಿ ನಾನು ಸಭೆಯಲ್ಲಿ ಹಾಕಿದ 220 ರೂಪಾಯಿ 66 ಪೈಸೆಯ ಲೆಕ್ಕ ಇಂದು ನಡೆಯುವುದಿಲ್ಲ. ನಿಮ್ಮ ಕಂಪನಿ ಎಷ್ಟು ತೆಗೆದುಕೊಳ್ಳುತ್ತಿದೆ ಎಂದು ನೀವೇ ಬಿಲ್ಲು ನೋಡಬೇಕು.

ಮೂರು ಪ್ರಶ್ನೆ, ಒಂದು ಕೆಲಸ

ಇನ್ನು ಈ ಹಳೆಯ ಜಗಳದಿಂದ ನಮಗೇನು ಪ್ರಯೋಜನ? ಮುಂದಿನ ಸಲ ರೈಲಿನಲ್ಲಿ, ಸೊಸೈಟಿಯಲ್ಲಿ, ಸಂಘದ ಸಭೆಯಲ್ಲಿ, ಅಥವಾ ನಮ್ಮ ಫೋನ್ ಸಾಲಿನಲ್ಲಿ ಇಂಥ ವಾದ ಎದ್ದಾಗ, ಮೊದಲು ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿಕೊಳ್ಳಿ.

ಒಂದು, ಈ ಯಂತ್ರ ಹೇಳಿದ ಕೆಲಸ ಮಾಡುತ್ತದೆಯೇ, ನಮ್ಮ ಮನೆಯಲ್ಲಿ ಮಾಡುತ್ತದೆಯೇ? ಇದಕ್ಕೆ ಬಲ್ಲವರನ್ನು ಕೇಳಬೇಕು. ಪಕ್ಷ ನೋಡಿ ಉತ್ತರ ಹೇಳಬಾರದು.

ಎರಡು, ನಿಯಮ ಮಾಡುವವರು ಯಾರು, ತಪ್ಪಾದರೆ ಕೇಳುವುದು ಯಾರನ್ನು, ದುಡ್ಡು ಯಾರ ಜೇಬಿಗೆ ಹೋಗುತ್ತದೆ? ಇದು ರಾಜಕೀಯದ ಪ್ರಶ್ನೆ, ಕೇಳಲು ಸಂಕೋಚ ಬೇಡ. ಆದರೆ "ಅವರಿಗೆ ಲಾಭ, ಆದ್ದರಿಂದ ಯಂತ್ರವೇ ಮೋಸ" ಎಂದು ಒಂದನೆಯ ಪ್ರಶ್ನೆಗೆ ಎರಡನೆಯದರಿಂದ ಉತ್ತರ ಕೊಡಬೇಡಿ.

ಮೂರು, ನನ್ನ ಮನೆಗೆ ಏನು ಬೇಕು, ಎಷ್ಟು ಖರ್ಚಾಗುತ್ತದೆ? ಇದಕ್ಕೆ ಉತ್ತರ ಮನೆಯಿಂದ ಮನೆಗೆ ಬೇರೆ. ಗಿರ್‌ಗಾಂವ್‌ನ ಮಾವನ ಉತ್ತರ ನನ್ನದಲ್ಲ, ನನ್ನದು ಸೊಸೈಟಿಯ ಹಿರಿಯರದ್ದಲ್ಲ. ಇಲ್ಲಿ ಒಬ್ಬರು ಇನ್ನೊಬ್ಬರನ್ನು ಸೋಲಿಸುವ ಮಾತೇ ಇಲ್ಲ.

ಸ್ಮಾರ್ಟ್ ಮೀಟರ್‌ನ ವಿಷಯವನ್ನೇ ತೆಗೆದುಕೊಳ್ಳಿ. 2024ರಲ್ಲಿ ಮಹಾರಾಷ್ಟ್ರದಲ್ಲಿ ಇದರ ಬಗ್ಗೆ ದೊಡ್ಡ ಗದ್ದಲ ಎದ್ದು, ಸಾಮಾನ್ಯ ಗ್ರಾಹಕರಿಗೆ ಮುಂಗಡ ಪಾವತಿಯ ಮೀಟರ್ ಹಾಕುವುದಿಲ್ಲ ಎಂದು ಸರ್ಕಾರ ಹೇಳಬೇಕಾಯಿತು. ಮೀಟರ್ ಸರಿಯಾಗಿ ಓದುತ್ತದೆಯೇ ಎಂಬುದು ಒಂದು ಪ್ರಶ್ನೆ. ಅದರ ಖರ್ಚು ಯಾರ ಮೇಲೆ, ತಪ್ಪು ಬಿಲ್ಲು ಬಂದರೆ ಹೋಗುವುದೆಲ್ಲಿಗೆ ಎಂಬುದು ಎರಡನೆಯದು. ಮೊದಲೇ ದುಡ್ಡು ಹಾಕುವುದು ನನ್ನ ತಿಂಗಳ ಸಂಬಳಕ್ಕೆ ಹೊಂದುತ್ತದೆಯೇ ಎಂಬುದು ಮೂರನೆಯದು. ಹೀಗೆ ಬಿಡಿಸಿ ಕೇಳಿದವರ ಮಾತು ನಮ್ಮ ಕಾರ್ಯಕ್ರಮದಲ್ಲೂ ಬೇಗ ಮುಗಿಯುತ್ತದೆ, ಕೇಳುವವರಿಗೂ ಉಪಯೋಗವಾಗುತ್ತದೆ.

ಇನ್ನು ಒಂದು ಕೆಲಸ. ಅದು ಅಮ್ಮ ಕೇಳಿದ್ದು. ಫಾರ್ಮ್ ತುಂಬುವುದು. ಆಯ್ಕೆ ಇದೆ ಎಂದು ವಾದಿಸಿ ಗೆದ್ದರೂ, ಆಯ್ಕೆ ಮಾಡದವರ ಪರವಾಗಿ ಬೇರೆ ಯಾರೋ ಆರಿಸುತ್ತಾರೆ. ಈ ಊರಿನಲ್ಲಿ ಆ ಬೇರೆ ಯಾರೋ ಕನ್ನಡವನ್ನು ಆರಿಸುವುದು ಅಪರೂಪ. ಅದಕ್ಕೆ ಅವರನ್ನು ಬೈದು ಫಲವಿಲ್ಲ.

ಆದ್ದರಿಂದ ಇವತ್ತು ರಾತ್ರಿ ನಿಮ್ಮ ಮನೆಯ ಟೀವಿ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ಯಾವ ಕನ್ನಡ ಚಾನೆಲ್‌ಗೆ ದುಡ್ಡು ಕೊಡುತ್ತಿದ್ದೀರಿ, ನೋಡದ ಯಾವುದಕ್ಕೆ ಕೊಡುತ್ತಿದ್ದೀರಿ ಎಂದು ಗುರುತು ಹಾಕಿ. ಚಾನೆಲ್‌ಗಳನ್ನು ಬಿಡಿಯಾಗಿ ಕೇಳುವ ಹಕ್ಕು ನಿಮಗಿದೆ. ಕೇಬಲ್‌ನವರಿಗೆ ಫೋನ್ ಮಾಡಿದಾಗ ದೂರಿನ ನಂಬರು ಬರೆದಿಟ್ಟುಕೊಳ್ಳಿ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಪಟ್ಟಿ ಮಾಡುವಾಗ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ದಿನವಿಡೀ ಈ ಊರಿನ ಭಾಷೆಗಳಲ್ಲಿ ವ್ಯವಹರಿಸಿ ಬಂದವರಿಗೆ ಸಂಜೆಯ ಅರ್ಧ ಗಂಟೆ ಕನ್ನಡ ಎಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ.

ರೇಡಿಯೋಗೆ ಇದ್ಯಾವುದೂ ಬೇಡ, ಪೆಟ್ಟಿಗೆಯೂ ಬೇಡ, ಪ್ಯಾಕೂ ಬೇಡ ಎಂದು ಕೊನೆಯಲ್ಲಿ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳಬಹುದಿತ್ತು. ಆದರೆ ನಮಗೂ ಅದೇ ಮಾತು ಅನ್ವಯಿಸುತ್ತದೆ. ನೀವು ಕೇಳುತ್ತಿದ್ದೀರಿ ಎಂದು ಪತ್ರ ಬರೆದು, ಫೋನ್ ಮಾಡಿ ತಿಳಿಸಿದರೆ ತಾನೆ ಮುಂಬಯಿಯಲ್ಲಿ ಕನ್ನಡದ ಈ ಹೊತ್ತು ಯಾರಿಗೆ ಬೇಕು ಎಂಬ ಪ್ರಶ್ನೆಗೆ ನಮ್ಮ ಬಳಿ ಉತ್ತರ ಇರುತ್ತದೆ?

ನಿಮ್ಮ ಮನೆಯ ಪೆಟ್ಟಿಗೆಯ ಕಥೆ ಏನು, ಬರೆದು ಕಳಿಸಿ. ಒಳ್ಳೆಯವನ್ನು ಕಾರ್ಯಕ್ರಮದಲ್ಲಿ ಓದುತ್ತೇನೆ. ವಾದವಿದ್ದರೆ ಅದನ್ನೂ ಕಳಿಸಿ, ಆದರೆ ಮೂರರಲ್ಲಿ ಯಾವ ಪ್ರಶ್ನೆಗೆ ಉತ್ತರ ಎಂದು ಮೇಲೆ ಬರೆಯಲು ಮರೆಯಬೇಡಿ.

ಮತ್ತೆ ಗಾಳಿಯಲ್ಲಿ ಭೇಟಿಯಾಗೋಣ. ನಮಸ್ಕಾರ.